ಹಳೆಯ ಅಂಬಾಸಿಡರ್ ಕಾರಿನ ಇಗ್ನಿಷನ್ ಸ್ವಿಚ್ ಬದಲಾಯಿಸುವ ಕ್ರಮ

ಮೈಸೂರು, ಮಂಡ್ಯದ ಮನೆಗಳಲ್ಲಿ ಜತನದಿಂದ ಉಳಿಸಿಕೊಂಡಿರುವ ಅಂಬಾಸಿಡರ್ ಕಾರುಗಳಲ್ಲಿ ಕೀ ತಿರುಗಿಸಿದರೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತದಿರುವುದು, ಇಲ್ಲವೇ ಗಾಡಿ ಓಡುತ್ತಿರುವಾಗ ಕೀ ಅಲುಗಿದರೆ ಎಂಜಿನ್ ನಿಂತುಬಿಡುವುದು ಸಾಮಾನ್ಯ ತೊಂದರೆ. ಹಾಗಾದ ಕೂಡಲೇ ಸ್ವಿಚ್ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊರಡಬೇಕಾಗಿಲ್ಲ. ಅಂಬಾಸಿಡರ್ ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತುಹೋಗಿದೆ. ಈಗ ಸಿಗುವ ಬದಲಿ ಸ್ವಿಚ್‌ಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಆದ್ದರಿಂದ ಹಳೆಯದು ನಿಜವಾಗಿಯೂ ಕೆಟ್ಟಿದೆ ಎಂಬುದು ಖಚಿತವಾದ ಮೇಲೆಯೇ ಅದನ್ನು ಬಿಚ್ಚಬೇಕು.

ಮೊದಲು ಬ್ಯಾಟರಿಯನ್ನು ಪರೀಕ್ಷಿಸಬೇಕು. ಪೂರ್ತಿ ಚಾರ್ಜ್ ಆಗಿರುವ 12 ವೋಲ್ಟ್ ಬ್ಯಾಟರಿ ಮಲ್ಟಿಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದು ಸರಿಯಿದ್ದರೆ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಡ್ಯಾಶ್‌ಬೋರ್ಡಿನ ಹಿಂದಿನಿಂದ ಕೈ ತೂರಿಸಿ, ಸ್ವಿಚ್ಚಿಗೆ ಕರೆಂಟ್ ತರುವ ಟರ್ಮಿನಲ್ಲಿಗೆ (ವೈರ್ ಸೇರುವ ಲೋಹದ ತುದಿಗೆ) ಕರೆಂಟ್ ಇದ್ದರೆ ಹೊತ್ತುವ ಟೆಸ್ಟ್ ಲ್ಯಾಂಪ್ ಮುಟ್ಟಿಸಿ ನೋಡಬೇಕು. ಕಾರ್ಖಾನೆಯ ವೈರಿಂಗ್ ಉಳಿದಿದ್ದರೆ, ವಾಹನಗಳ ವಿದ್ಯುತ್ ಭಾಗಗಳನ್ನು ತಯಾರಿಸುತ್ತಿದ್ದ ಬ್ರಿಟಿಷ್ ಕಂಪನಿ ಲೂಕಾಸಿನ ಪದ್ಧತಿಯಂತೆ ಬ್ಯಾಟರಿಯಿಂದ ಬರುವ ವೈರ್ ಕಂದು, ಇಗ್ನಿಷನ್‌ಗೆ ಹೋಗುವುದು ಬಿಳಿ, ಸ್ಟಾರ್ಟರಿಗೆ ಕರೆಂಟ್ ಹಾಯಿಸುವ ಸಾಲಿನಾಯ್ಡ್‌ಗೆ ಹೋಗುವುದು ಕೆಂಪು ಗೆರೆಯ ಬಿಳಿ. ಆದರೆ ನಲವತ್ತು ಐವತ್ತು ವರ್ಷಗಳಲ್ಲಿ ಹಲವರ ಕೈ ದಾಟಿ ಬಂದ ಗಾಡಿಯಲ್ಲಿ ಬಣ್ಣವನ್ನು ನಂಬುವುದಕ್ಕಿಂತ ದೀಪವನ್ನು ನಂಬುವುದು ಲೇಸು. ಕಂದು ವೈರಿನಲ್ಲಿ ಕರೆಂಟ್ ಇದ್ದು, ಕೀ ತಿರುಗಿಸಿದಾಗ ಬಿಳಿ ವೈರಿಗೆ ಅದು ದಾಟದಿದ್ದರೆ ದೋಷ ಸ್ವಿಚ್ಚಿನದೇ. ದಾಟಿಯೂ ತೊಂದರೆ ಉಳಿದಿದ್ದರೆ ಕೀ ಆನ್ ಮಾಡಿ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಆ ಎರಡು ಟರ್ಮಿನಲ್‌ಗಳ ಮೇಲಿಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ ಇಲ್ಲವೇ ಕರಕಲಾಗಿದೆ ಎಂದು ತಿಳಿಯಬಹುದು. ಈ ಪರೀಕ್ಷೆಗಳಲ್ಲಿ ಎಂಜಿನ್ ಓಡದೆ ಕೀ ಬಹಳ ಹೊತ್ತು ಆನ್ ಆಗಿರಬಾರದು. ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಪಾಯಿಂಟ್ ಮುಚ್ಚಿಕೊಂಡಿದ್ದರೆ, ಕಿಡಿಗೆ ಬೇಕಾದ ಕರೆಂಟ್ ಒದಗಿಸುವ ಇಗ್ನಿಷನ್ ಕಾಯಿಲ್ ಕಾದು ಹಾಳಾಗುತ್ತದೆ.

ಬಿಚ್ಚುವ ಕೆಲಸ ಬ್ಯಾಟರಿಯಿಂದ ಆರಂಭವಾಗಬೇಕು. ಗಾಡಿಯ ಲೋಹದ ಬಾಡಿಗೆ ಜೋಡಿಸಿರುವ ಅರ್ಥ್ ಕೇಬಲ್ಲನ್ನೇ ಮೊದಲು ತೆಗೆಯಬೇಕು; ಇನ್ನೊಂದನ್ನು ಮೊದಲು ಸಡಿಲಿಸಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಅರ್ಥ್ ಎಂದರೆ ಮೈನಸ್ಸೇ ಎಂದು ಭಾವಿಸಬಾರದು, ಏಕೆಂದರೆ ಬಹಳ ಹಳೆಯ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಸೇರಿರುವುದುಂಟು.

ಬಳಿಕ ಟರ್ಮಿನಲ್‌ಗಳ ಫೋಟೋ ತೆಗೆದುಕೊಂಡು, ಪ್ರತಿ ವೈರಿಗೂ ಅದರ ಟರ್ಮಿನಲ್ಲಿನ ಗುರುತು ಬರೆದ ಚೀಟಿಯನ್ನು ಅಂಟಿಸಬೇಕು. ಒಂದೇ ಟರ್ಮಿನಲ್ಲಿನಲ್ಲಿ ಎರಡು ವೈರ್‌ಗಳಿದ್ದರೆ ಅವನ್ನು ಒಟ್ಟಿಗೇ ಕಟ್ಟಿಡಬೇಕು. ಹಳೆಯ ವೈರಿನ ಹೊದಿಕೆ ಒಣಗಿದ ಎಲೆಯಂತೆ ಪುಡಿಯಾಗುವುದರಿಂದ, ವೈರನ್ನು ಹಿಡಿದು ಜಗ್ಗದೆ ತುದಿಯ ಲೋಹದ ಭಾಗವನ್ನೇ ಹಿಡಿದು ಎಳೆಯಬೇಕು. ಸ್ವಿಚ್ಚನ್ನು ಡ್ಯಾಶ್‌ಬೋರ್ಡಿಗೆ ಬಿಗಿದಿರುವುದು ಮುಂಬದಿಯಲ್ಲಿರುವ, ತಿರುಪಿನ ಗೆರೆಗಳುಳ್ಳ ಕ್ರೋಮ್ ಬಳೆ. ಇದನ್ನು ಬರಿಯ ಪ್ಲೇಯರ್‌ನಲ್ಲಿ ಹಿಡಿದರೆ ಕ್ರೋಮ್ ಕಿತ್ತುಬರುತ್ತದೆ; ಚರ್ಮದ ತುಂಡು ಸುತ್ತಿ, ಇನ್ನೊಂದು ಕೈಯಲ್ಲಿ ಹಿಂದಿನಿಂದ ಸ್ವಿಚ್ ಹಿಡಿದು ನಿಧಾನವಾಗಿ ತಿರುಗಿಸಿದರೆ ಸಾಕು. ಬಳೆ ಕಳಚಿದ ಮೇಲೆ ಸ್ವಿಚ್ ಹಿಂಬದಿಗೆ ಇಳಿದು ಬರುತ್ತದೆ.

ಮೂಲ ಕೀಯನ್ನು ಉಳಿಸಿಕೊಳ್ಳುವುದು ನನ್ನ ಮಟ್ಟಿಗೆ ಹೊಸ ಸ್ವಿಚ್ ಹಾಕುವಷ್ಟೇ ಮುಖ್ಯ. ಲೂಕಾಸ್ ಮಾದರಿಯ ಅನೇಕ ಸ್ವಿಚ್‌ಗಳ ಬದಿಯಲ್ಲಿ ಸಣ್ಣ ತೂತು ಇರುತ್ತದೆ. ಕೀ ಹಾಕಿ ಇಗ್ನಿಷನ್ ಸ್ಥಾನಕ್ಕೆ ತಿರುಗಿಸಿ, ಆ ತೂತಿನಲ್ಲಿ ಗಟ್ಟಿ ತಂತಿ ತೂರಿಸಿ ಒಳಗಿನ ಗುಬುಟನ್ನು ಒತ್ತಿದರೆ, ಬೀಗದ ಕೊಳವೆ ಕೀಯೊಂದಿಗೇ ಹೊರಬರುತ್ತದೆ. ಹೊಸ ಸ್ವಿಚ್ ಅದೇ ಮಾದರಿಯದಾದರೆ ಈ ಕೊಳವೆಯನ್ನು ಅದರೊಳಗೆ ಕೂರಿಸಬಹುದು. ಸ್ಟಿಯರಿಂಗ್ ಲಾಕ್ ಇರುವ ಗಾಡಿಗಳಿಗೆ ಈ ಕ್ರಮ ಹೊಂದುವುದಿಲ್ಲ. ಅದನ್ನು ನುರಿತ ಮೆಕ್ಯಾನಿಕ್‌ಗೆ ಒಪ್ಪಿಸುವುದು ಒಳ್ಳೆಯದು.

ಹೊಸ ಸ್ವಿಚ್ಚಿನ ಟರ್ಮಿನಲ್‌ಗಳ ಅಂಕಿಗಳು ಹಳೆಯದಕ್ಕೆ ತಾಳೆಯಾಗುತ್ತವೆ ಎಂಬ ಭರವಸೆಯಿಲ್ಲ. ಜೋಡಿಸುವ ಮುನ್ನ ಮೇಜಿನ ಮೇಲಿಟ್ಟು, ಕೀಯ ಪ್ರತಿ ಸ್ಥಾನದಲ್ಲಿಯೂ ಯಾವ ಯಾವ ಟರ್ಮಿನಲ್‌ಗಳು ಕೂಡಿಕೊಳ್ಳುತ್ತವೆ ಎಂಬುದನ್ನು ಮಲ್ಟಿಮೀಟರಿನಿಂದ ನೋಡಿ ಬರೆದುಕೊಳ್ಳಬೇಕು. ವೈರಿನ ತುದಿಗಳನ್ನು ನಯವಾದ ಉಜ್ಜುಕಾಗದದಿಂದ ಹೊಳೆಯುವಂತೆ ಉಜ್ಜಿ, ಸಡಿಲವಾದವನ್ನು ಹೊಸದಾಗಿ ಬಿಗಿದು ಸ್ವಿಚ್ಚಿಗೆ ಸೇರಿಸಬೇಕು. ಅರ್ಥ್ ಕೇಬಲ್ ಕೊನೆಯದಾಗಿ ಬರಲಿ.

ಆಯುಧಪೂಜೆಯ ದಿನ ಕಾರು ತೊಳೆಯುವಾಗ ಡ್ಯಾಶ್‌ಬೋರ್ಡಿಗೆ ನೀರು ಎರಚದೆ, ಕೀ ತೂತಿನ ಮೇಲೆ ಅರಿಶಿನ ಕುಂಕುಮ ಹಚ್ಚದೆ ಇದ್ದರೆ ಹೊಸ ಸ್ವಿಚ್ ಬಹುಕಾಲ ಬಾಳುತ್ತದೆ. ಬೀಗ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುವ ರೂಢಿಯೂ ಒಳ್ಳೆಯದಲ್ಲ, ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತದೆ. ಗ್ರಾಫೈಟ್ ಪುಡಿ ಸಾಕು. ಕೆಲಸ ಮುಗಿದ ಮೇಲೆ ಒಮ್ಮೆ ಚಾಮುಂಡಿ ಬೆಟ್ಟ ಹತ್ತಿಸಿ, ಗಾಡಿ ನಿಲ್ಲಿಸಿದ ಕೂಡಲೇ ಸ್ವಿಚ್ಚಿನ ಹಿಂಬದಿಯ ವೈರ್‌ಗಳ ಹೊದಿಕೆಯನ್ನು ಮುಟ್ಟಿ ನೋಡಬೇಕು. ಯಾವುದಾದರೂ ಒಂದು ಮಾತ್ರ ಬೇರೆಯವಕ್ಕಿಂತ ಬಿಸಿಯಾಗಿದ್ದರೆ ಅದರ ಜೋಡಣೆ ಸಡಿಲವಾಗಿರಬಹುದು. ಅರ್ಥ್ ಕೇಬಲ್ ಕಳಚಿ ಅದೊಂದನ್ನು ಮತ್ತೆ ಬಿಗಿಯಬೇಕು.