ಗಿರಿಯ ಹುಲ್ಲಿನ ಮೇಲೆ ಒಂದು ಲೀಟರ್ ನೀರು

ಪ್ರವಾಸೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪರಿಸರ ಸುಸ್ಥಿರತೆ ಕಲಿಸಲು ತೊಡಗಿದ ಮೊದಲ ಎರಡು ವರ್ಷ, ವಿಶ್ವಸಂಸ್ಥೆಯ ಆಯೋಗದ 1987ರ ಬ್ರಂಟ್‌ಲ್ಯಾಂಡ್ ವರದಿ ಸುಸ್ಥಿರ ಅಭಿವೃದ್ಧಿಗೆ ಕೊಟ್ಟ ವ್ಯಾಖ್ಯೆಯಿಂದಲೇ ಪಾಠ ಆರಂಭಿಸುತ್ತಿದ್ದೆ. ಮುಂದಿನ ಪೀಳಿಗೆಯ ಪಾಲಿಗೆ ಕುತ್ತು ತರಬಾರದೆಂಬ ಆ ಮಾತನ್ನು ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಿದ್ದರು. ಅದೇ ಮಕ್ಕಳು ಪ್ರವಾಸ ಯೋಜನೆಯ ತರಗತಿಯಲ್ಲಿ, ಒಂದೇ ಭಾನುವಾರ ನಾಲ್ಕು ಬಸ್ ಜನರನ್ನು ಮುಳ್ಳಯ್ಯನಗಿರಿಗೆ ಹತ್ತಿಸುವ ಪ್ಯಾಕೇಜ್ ಬರೆದು ತರುತ್ತಿದ್ದರು. ಎರಡು ಪಾಠಗಳಿಗೂ ನಂಟಿದೆಯೆಂದು ಅವರಿಗೆ ಅನಿಸಿರಲಿಲ್ಲ. ಅನಿಸುವ ಹಾಗೆ ನಾನೂ ಕಲಿಸಿರಲಿಲ್ಲ.

ಮೂರನೆಯ ವರ್ಷ ಅರಣ್ಯ ಇಲಾಖೆಯ ಅನುಮತಿ ಪಡೆದು ತರಗತಿಯನ್ನು ಗಿರಿಗೇ ಕರೆದೊಯ್ದೆ. ತಳವನ್ನೂ ಮುಚ್ಚಳವನ್ನೂ ಕತ್ತರಿಸಿ ತೆಗೆದ ಎಣ್ಣೆ ಡಬ್ಬ, ನೀರಿನ ಕ್ಯಾನು, ಸಮಯ ನೋಡಲು ಮೊಬೈಲ್, ಇಷ್ಟೇ ಸಲಕರಣೆ. ಹುಲ್ಲಿನ ನಡುವೆ ಡಬ್ಬ ಒತ್ತಿ ಒಂದು ಲೀಟರ್ ಸುರಿದೆವು. ನೋಡನೋಡುತ್ತಿದ್ದಂತೆ ನೆಲ ಅದನ್ನು ಕುಡಿದುಬಿಟ್ಟಿತು. ನಾಲ್ಕು ಹೆಜ್ಜೆ ಆಚೆ, ಜನ ಅಡ್ಡದಾರಿ ಹಿಡಿದು ತುಳಿದು ಬೋಳಾದ ಜಾಡಿತ್ತು. ಅಲ್ಲಿ ಡಬ್ಬ ಇಳಿಯಲೇ ಇಲ್ಲ. ಒಬ್ಬಳು ಕಲ್ಲಿನಿಂದ ಬಡಿದು ಕೂರಿಸಿದಳು. ಸುರಿದ ನೀರು ಕದಡಿ ನಿಂತಿತು. ಬುತ್ತಿ ಬಿಚ್ಚಿ ಉಂಡು ಬಂದಾಗಲೂ ತಳದಲ್ಲಿ ನೀರಿತ್ತು.

ಮಳೆಗಾಲದಲ್ಲಿ ಈ ಹುಲ್ಲು ಹಿಡಿದ ನೀರೇ ಕಣಿವೆಯ ಶೋಲಾ ಕಾಡುಗಳಿಂದ (ಗುಡ್ಡದ ಹುಲ್ಲುಗಾವಲಿನ ನಡುವಿನ ಮಡಿಕೆಗಳಲ್ಲಿ ಬೆಳೆಯುವ ನಿತ್ಯಹಸಿರು ಕಾಡು) ಬೇಸಿಗೆಯಲ್ಲೂ ಜಿನುಗುತ್ತದೆ, ಚಂದ್ರದ್ರೋಣ ಸಾಲಿನ ಹಳ್ಳಗಳು ಸೇರಿ ವೇದಾವತಿಯಾಗಿ ವಾಣಿವಿಲಾಸ ಸಾಗರಕ್ಕೆ ಹರಿಯುತ್ತವೆ ಎಂದು ವಿವರಿಸುತ್ತಿದ್ದೆ. ಹಿರಿಯೂರು ಕಡೆಯ ಹುಡುಗನೊಬ್ಬ ತಡೆದ: “ಮೇಡಂ, ನಮ್ಮ ಮಾರಿಕಣಿವೆಗೆ ಬರುವ ನೀರು ಇದೇನಾ?” ಹೌದೆಂದೆ; ವಾಣಿವಿಲಾಸ ಸಾಗರದ ಇನ್ನೊಂದು ಹೆಸರೇ ಮಾರಿಕಣಿವೆ. ಅವನು ಹೋಗಿ ಆ ಡಬ್ಬದ ಮುಂದೆ ಮತ್ತೆ ಕುಳಿತ.

ಅಂದಿನಿಂದ ಪ್ಯಾಕೇಜಿನ ವೆಚ್ಚದ ಪಟ್ಟಿಯಲ್ಲಿ ಎರಡು ಕಲಂ ಕಡ್ಡಾಯ ಮಾಡಿದ್ದೇನೆ: ಅತಿಥಿಯೊಬ್ಬರಿಗೆ ಬೇಕಾಗುವ ನೀರು ಯಾವ ಮೂಲದ್ದು, ಅವರು ಬಿಟ್ಟುಹೋಗುವ ಕಸ ಎಲ್ಲಿ ಸೇರುತ್ತದೆ. “ಪಂಚಾಯಿತಿ ನೋಡಿಕೊಳ್ಳುತ್ತದೆ” ಎಂದು ಬರೆದರೆ ಅಂಕವಿಲ್ಲ. ಹೋಮ್‌ಸ್ಟೇಯವರನ್ನು ಕೇಳಿ, ಗುಂಡಿಯನ್ನು ಕಣ್ಣಾರೆ ನೋಡಿ ಬರಬೇಕು. ಧಾರಣಾ ಸಾಮರ್ಥ್ಯದ, ಅಂದರೆ ಒಂದು ತಾಣ ಹಾಳಾಗದೆ ಎಷ್ಟು ಜನರನ್ನು ತಾಳಬಲ್ಲದು ಎಂಬ ಲೆಕ್ಕವೂ ಈಗ ಜೀವ ಪಡೆದಿದೆ. ಜಾಗದ ವಿಸ್ತೀರ್ಣವನ್ನು ಒಬ್ಬರಿಗೆ ಬೇಕಾದ ಜಾಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ ದೊಡ್ಡದೇ. ಮಳೆ, ಮಂಜು, ಇಳಿಜಾರು, ಮಣ್ಣಿನ ಸವೆತ ಎಂದು ಒಂದೊಂದಾಗಿ ಕಳೆಯುತ್ತಾ ಹೋದಂತೆ ತರಗತಿ ಮೌನವಾಗುತ್ತದೆ.

ಹಿರಿಯೂರಿನ ಹುಡುಗ ವರ್ಷದ ಕೊನೆಗೆ ತಂದ ಯೋಜನೆಯಲ್ಲಿ ಭಾನುವಾರದ ಬದಲು ಮಂಗಳವಾರವಿತ್ತು, ನಾಲ್ಕು ಬಸ್ಸಿನ ಬದಲು ಒಂದು ಮಿನಿ ಬಸ್ಸಿತ್ತು. ಮೊದಲ ದಿನ ಗಿರಿ, ಎರಡನೆಯ ದಿನ ಮಾರಿಕಣಿವೆ. ಲಾಭ ಕಡಿಮೆ ಬಂದಿತ್ತು; ಅದನ್ನೂ ಮರೆಮಾಚದೆ ಬರೆದಿದ್ದ.