ಎರೆ ಭೂಮಿಯಲ್ಲಿ ಗೋಬರ್ ಗ್ಯಾಸ್ ಕಟ್ಟುವುದು ಹೇಗೆ

ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಲ್ಲಿ ಹೆಂಡಿ (ಸಗಣಿ) ಇನ್ನೂ ಬಹುಪಾಲು ಕುಳ್ಳಾಗಿ (ಬೆರಣಿಯಾಗಿ) ಒಲೆ ಸೇರುತ್ತದೆ. ಕುಳ್ಳು ಉರಿದಾಗ ಅದರ ಶಾಖದಲ್ಲಿ ಶೇ 10ರಷ್ಟು ಮಾತ್ರ ಪಾತ್ರೆಗೆ ತಾಗುತ್ತದೆ. ಹೊಲಕ್ಕೆ ಸಲ್ಲಬೇಕಾದ ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ಅದೇ ಹೆಂಡಿಯನ್ನು ಗಾಳಿಯಾಡದ ಗುಂಡಿಯಲ್ಲಿ ಕೊಳೆಸಿದರೆ ಒಲೆಗೆ ಗ್ಯಾಸ್ ಸಿಗುತ್ತದೆ, ಗೊಬ್ಬರ ಪೂರ್ತಿ ಉಳಿಯುತ್ತದೆ. ದೇಶದಲ್ಲಿ ಈವರೆಗೆ ಸುಮಾರು 50 ಲಕ್ಷ ಮನೆಬಳಕೆಯ ಸ್ಥಾವರಗಳು ಕಟ್ಟಲ್ಪಟ್ಟಿವೆ. ನಿಂತುಹೋದವೂ ಕಡಿಮೆಯಿಲ್ಲ. ನಮ್ಮ ಸೀಮೆಯಲ್ಲಿ ನಿಲ್ಲಲು ಮುಖ್ಯ ಕಾರಣ ಮೂರು: ಇರುವ ಹೆಂಡಿಗಿಂತ ದೊಡ್ಡ ಗುಂಡಿ, ಎರೆ ಎಂಬ ಕಪ್ಪು ಮಣ್ಣಿನ ಒತ್ತಡ, ಗ್ಯಾಸ್ ಹಿಡಿದಿಡಬೇಕಾದ ಮೇಲಿನ ಗುಮ್ಮಟ ಸೋರುವುದು. ಈ ಮೂರೂ ಒಲೆ ಹಚ್ಚುವ ಮೊದಲೇ ತೀರ್ಮಾನವಾಗುವ ಸಂಗತಿಗಳು.

ದೊಡ್ಡ ಪ್ರಮಾಣದಲ್ಲೂ ಇದೇ ಅನಿಲಕ್ಕೆ ಬೇಡಿಕೆ ಏರುತ್ತಿದೆ. ಶುದ್ಧಗೊಳಿಸಿ ಒತ್ತಿ ತುಂಬಿದ ಬಯೋಗ್ಯಾಸನ್ನು ತೈಲ ಕಂಪನಿಗಳು ಕೊಳ್ಳುವ ‘ಸತತ್’ ಯೋಜನೆ 2018ರ ಅಕ್ಟೋಬರಿನಲ್ಲಿ ಶುರುವಾಯಿತು. ವಾಹನಗಳ ಸಿಎನ್‌ಜಿ ಮತ್ತು ಮನೆಗಳ ಕೊಳವೆ ಅನಿಲದಲ್ಲಿ ಇದನ್ನು 2025-26ರಲ್ಲಿ ಶೇ 1, ಮುಂದೆ ಶೇ 3 ಮತ್ತು ಶೇ 4, 2028-29ರಿಂದ ಶೇ 5ರಷ್ಟು ಬೆರೆಸಬೇಕೆಂದು ಕೇಂದ್ರ ನಿಗದಿ ಮಾಡಿದೆ. ಬೀದರ್ ಕಬ್ಬಿನ ಜಿಲ್ಲೆ. ಸಕ್ಕರೆ ಕಾರ್ಖಾನೆಯಿಂದ ಹೊರಬೀಳುವ ಸುಮಾರು 25 ಟನ್ ಪ್ರೆಸ್‌ಮಡ್‌ನಿಂದ (ಕಬ್ಬಿನ ಹಾಲು ಸೋಸಿದಾಗ ಉಳಿಯುವ ಮಡ್ಡಿಯಿಂದ) ಒಂದು ಟನ್ ಒತ್ತಿದ ಬಯೋಗ್ಯಾಸ್ ತೆಗೆಯಬಹುದು. ಅದು ಕಾರ್ಖಾನೆಗಳ ಕೆಲಸ. ಇಲ್ಲಿ ಹೇಳುವುದು ನಾಲ್ಕೈದು ದನ ಇರುವ ಮನೆಯ ಕೆಲಸ.

ಮೊದಲು ಹೆಂಡಿ ತೂಗಿ

ದನದ ತಲೆ ಎಣಿಸಿ ಅಳತೆ ನಿರ್ಧರಿಸಬೇಡಿ. ಕೊಟ್ಟಿಗೆಯಲ್ಲೇ ಮೇಯುವ ಆಕಳು ದಿನಕ್ಕೆ ಸುಮಾರು 10 ಕೆ.ಜಿ., ಎಮ್ಮೆ 12ರಿಂದ 15 ಕೆ.ಜಿ. ಹೆಂಡಿ ಹಾಕುತ್ತದೆ. ಹಗಲೆಲ್ಲ ಅಡವಿಗೆ ಹೋಗುವ ದನದ ಹೆಂಡಿಯಲ್ಲಿ ಅರ್ಧದಷ್ಟು ಮಾತ್ರ ಕೈಗೆ ಸಿಗುತ್ತದೆ. ಒಂದು ವಾರ ಬೆಳಿಗ್ಗೆ ಬುಟ್ಟಿ ತೂಗಿ ಬರೆದಿಡಿ. ತೀರಾ ಕಡಿಮೆ ಬಂದ ದಿನದ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಹಸಿ ಹೆಂಡಿ 25 ಕೆ.ಜಿ.ಗೆ ಒಂದು ಘನ ಮೀಟರ್ ಗ್ಯಾಸ್ ಬರುತ್ತದೆ. ಒಬ್ಬರ ಅಡುಗೆಗೆ ದಿನಕ್ಕೆ ಕಾಲು ಘನ ಮೀಟರ್‌ನಿಂದ ಅದಕ್ಕಿಂತ ತುಸು ಹೆಚ್ಚು ಬೇಕು. ಐದಾರು ಮಂದಿಯ ಮನೆಗೆ 2 ಘನ ಮೀಟರ್ ಸ್ಥಾವರ, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವುದು, ಸರಿಹೋಗುತ್ತದೆ. ಅದಕ್ಕೆ ದಿನಕ್ಕೆ 50 ಕೆ.ಜಿ. ಹೆಂಡಿ, 50 ಲೀಟರ್ ನೀರು ಬೇಕು. ಒಂದು ಘನ ಮೀಟರ್ ಬಯೋಗ್ಯಾಸ್ ಸುಮಾರು 0.43 ಕೆ.ಜಿ. ಎಲ್‌ಪಿಜಿಗೆ ಸಮ, ಅಂದರೆ ಈ ಸ್ಥಾವರದಿಂದ ತಿಂಗಳಿಗೆ ಹೆಚ್ಚುಕಡಿಮೆ 26 ಕೆ.ಜಿ. ಚಳಿಗಾಲದ ಇಳಿತ ಕಳೆದರೆ ಒಂದೂವರೆ ಸಿಲಿಂಡರ್ ಎಂದು ನಂಬಬಹುದು. ಹೆಂಡಿ 30 ಕೆ.ಜಿ.ಯಷ್ಟೇ ಇದ್ದರೆ 1 ಘನ ಮೀಟರ್‌ಗೆ ನಿಲ್ಲಿ. ಅರೆಹೊಟ್ಟೆಯ ದೊಡ್ಡ ಗುಂಡಿಯಿಂದ ಲಾಭವಿಲ್ಲ, ಕಟ್ಟಡದ ಖರ್ಚು ಮಾತ್ರ ಹೆಚ್ಚು.

ನೀರಿನ ಮಾತು. ಬೇಸಿಗೆಯಲ್ಲಿ ದಿನಕ್ಕೆ 50 ಲೀಟರ್ ಎಲ್ಲಿಂದ ಎಂದು ಕೇಳುವವರಿಗೆ: ದನದ ಮೂತ್ರ, ಸೋಪು ಹಾಕದೆ ಕೊಟ್ಟಿಗೆ ತೊಳೆದ ನೀರು, ಗುಂಡಿಯಿಂದ ಕೊಳೆತು ಹೊರಬರುವ ಸ್ಲರಿ (ಹೆಂಡಿ-ನೀರಿನ ಕಲಸು) ಸೇರುವ ಹೊರತೊಟ್ಟಿಯ ತಿಳಿನೀರು ಇವನ್ನು ಸೇರಿಸಿ ಹೊಸ ನೀರನ್ನು ಅರ್ಧಕ್ಕೆ ಇಳಿಸಬಹುದು. ಹೆಂಡಿ ಒಣಗುವ ಮೊದಲೇ, ಅದೇ ಬೆಳಿಗ್ಗೆ ಕಲಸಬೇಕು. ಒಣಗಿದರೆ ನೀರೂ ಹೆಚ್ಚು ಬೇಕು, ಗ್ಯಾಸೂ ಕಡಿಮೆ.

ಜಾಗ ಮತ್ತು ಮಣ್ಣು

ಅಡುಗೆಮನೆಗೆ 10 ಮೀಟರ್ ಆಸುಪಾಸು, ಬಾವಿ ಮತ್ತು ಬೋರ್‌ವೆಲ್‌ನಿಂದ ಕನಿಷ್ಠ 15 ಮೀಟರ್ ದೂರ, ಗೋಡೆಯಿಂದ 2 ಮೀಟರ್, ದಿನವಿಡೀ ಬಿಸಿಲು, ಹತ್ತಿರ ಬೇವು-ಹುಣಸೆಯಂಥ ದೊಡ್ಡ ಮರವಿಲ್ಲ. ಇಷ್ಟು ಎಲ್ಲ ಕಡೆಗೂ ಒಂದೇ. ಮಣ್ಣಿನ ವಿಷಯ ಮಾತ್ರ ಊರಿಗೊಂದು.

ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ತೋಡುವುದು ಕಷ್ಟ, ತೋಡಿದ ಮೇಲೆ ಅಲುಗುವುದಿಲ್ಲ. ಕಲಬುರಗಿಯ ತೊಗರಿ ಬೆಳೆಯುವ ಆಳದ ಎರೆಯಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಉಬ್ಬಿದಾಗ ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ಬಿರಿದಾಗ ಗುಮ್ಮಟಕ್ಕೆ ಹೊರಗಿನ ಆಸರೆ ತಪ್ಪುತ್ತದೆ. ಎರಡು ಮಳೆಗಾಲದಲ್ಲಿ ಕೂದಲೆಳೆಯಂಥ ಬಿರುಕು ಬಿದ್ದರೆ ಸಾಕು, ಗ್ಯಾಸ್ ಸೋರಲು ಅಷ್ಟೇ ದಾರಿ ಬೇಕು. ಉಪಾಯ ಇದೆ: ಗುಂಡಿಯನ್ನು ಸುತ್ತಲೂ 30 ಸೆಂ.ಮೀ., ತಳದಲ್ಲಿ 30ರಿಂದ 45 ಸೆಂ.ಮೀ. ಹೆಚ್ಚಾಗಿ ತೋಡಿ. ತಳಕ್ಕೆ ಮುರಂ (ಗರಸು ಮಣ್ಣು) ಹಾಕಿ 15 ಸೆಂ.ಮೀ.ಗೊಂದು ಪದರದಂತೆ ನೀರು ಚಿಮುಕಿಸಿ ದಿಮ್ಮಸು ಹೊಡೆಯಿರಿ. ಗೋಡೆ ಎದ್ದ ಮೇಲೆ ಸುತ್ತಲಿನ ಸಂದಿಗೂ ಮುರಮೇ ಬೇಕು. ತೋಡಿದ ಎರೆ ಮಣ್ಣನ್ನು ಅಲ್ಲಿಗೆ ವಾಪಸು ಸುರಿಯುವುದು ಎಲ್ಲರೂ ಮಾಡುವ ತಪ್ಪು. ಅದನ್ನು ಹೊಲಕ್ಕೆ ಹಾಕಿ. ಮಳೆನೀರು ಸ್ಥಾವರದ ಬಳಿ ನಿಲ್ಲದಂತೆ ಸಣ್ಣ ಕಾಲುವೆ ತೆಗೆಯಿರಿ. ಮುರಂ ಸಿಗದ ಊರಿನಲ್ಲಿ ಇಟ್ಟಿಗೆಯ ಗುಮ್ಮಟ ಬೇಡವೇ ಬೇಡ. ಅಲ್ಲಿ ಗುಂಡಿಯ ಮೇಲೆ ಕವುಚಿ ತೇಲುವ ಕಬ್ಬಿಣದ ಡ್ರಮ್ಮಿನಲ್ಲಿ ಗ್ಯಾಸ್ ನಿಲ್ಲುವ ಮಾದರಿಯೇ ಮೇಲು. ಗೋಡೆ ಬಿರಿದರೂ ಗ್ಯಾಸ್ ಡ್ರಮ್ಮಿನಲ್ಲಿ ಉಳಿಯುತ್ತದೆ. ಡ್ರಮ್ಮಿಗೆ ತುಕ್ಕು ಹಿಡಿಯದಂತೆ ವರ್ಷಕ್ಕೊಮ್ಮೆ ಬಣ್ಣ ಹಚ್ಚಬೇಕು.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಭತ್ತದ ಗದ್ದೆಗಳ ಕಡೆ ತೊಂದರೆ ಬೇರೆ. ನಾರಾಯಣಪುರ ಕಾಲುವೆಯಲ್ಲಿ ನೀರು ಹರಿಯುವಾಗ ಅಂತರ್ಜಲ ಮೇಲೇರಿ ಖಾಲಿ ಗುಂಡಿಯ ತಳವನ್ನು ಎತ್ತಿ ಒಡೆಯಬಹುದು. ಕಾಲುವೆ ನಿಂತ ಬೇಸಿಗೆಯಲ್ಲೇ ಕಟ್ಟಿ ತುಂಬಿಸಿ. ಒರತೆ ಮೇಲಿದ್ದರೆ ಅರ್ಧ ಭಾಗವನ್ನು ನೆಲದಿಂದ ಮೇಲೆ ಕಟ್ಟಿ ಸುತ್ತ ಮುರಂ ಏರಿ ಹಾಕಿ.

ಕಟ್ಟುವುದು

1984ರಲ್ಲಿ ಬಂದ ದೀನಬಂಧು ಮಾದರಿ ಅಗ್ಗ ಮತ್ತು ಬಾಳಿಕೆಯದು. ಕಬ್ಬಿಣದ ಡ್ರಮ್ ಇಲ್ಲ, ಇಡೀ ಕಟ್ಟಡ ನೆಲದೊಳಗೆ. 2 ಘನ ಮೀಟರ್ ಸ್ಥಾವರಕ್ಕೆ ಸುಮಾರು 1000 ಇಟ್ಟಿಗೆ, 14 ಚೀಲ ಸಿಮೆಂಟ್, ಖಡಿ, ಉಸುಕು, ಹೆಂಡಿ ಒಳಹೋಗಲು 15 ಸೆಂ.ಮೀ. ವ್ಯಾಸದ ಪೈಪು, ಗ್ಯಾಸ್ ಹೊರಬರಲು ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಬೇಕು. ದಿನಕ್ಕೆ 100 ಲೀಟರ್ ಸ್ಲರಿ 40 ದಿನ ಒಳಗಿರಬೇಕು. ಹಾಗಾಗಿ ಒಳಗೆ 4000 ಲೀಟರ್ ಸ್ಲರಿಗೆ ಜಾಗ, ಅದರ ಮೇಲೆ ದಿನದ ಗ್ಯಾಸಿನ ಮೂರನೇ ಒಂದು ಪಾಲು ನಿಲ್ಲುವಷ್ಟು ಜಾಗ ಬಿಡುತ್ತಾರೆ.

ಇಟ್ಟಿಗೆ ನೋಡಿ ಕೊಳ್ಳಿ. ಎರಡನ್ನು ತಾಕಿಸಿದರೆ ಟಣ್ ಎನ್ನಬೇಕು. ಒಣ ಇಟ್ಟಿಗೆ ತೂಗಿ 24 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿದರೆ ತೂಕ ಶೇ 20ಕ್ಕಿಂತ ಹೆಚ್ಚು ಏರಬಾರದು. ಗುಮ್ಮಟಕ್ಕೆ ಶಹಾಬಾದ್ ಕಲ್ಲು ಬಳಸಬೇಡಿ, ಅದು ಬಾಗಿಗೆ ಕೂರುವುದಿಲ್ಲ. ಹೊರತೊಟ್ಟಿಯ ಮುಚ್ಚಳಕ್ಕೆ, ಕೊಟ್ಟಿಗೆಯ ನೆಲಕ್ಕೆ ಮಾತ್ರ ಶಹಾಬಾದ್ ಪರಸಿಯಷ್ಟು ಒಳ್ಳೆಯದು ಬೇರೆ ಇಲ್ಲ. ಇಳಿಜಾರಾಗಿ ಪರಸಿ ಹಾಸಿದರೆ ಹೆಂಡಿಯಲ್ಲಿ ಮಣ್ಣು ಸೇರುವುದಿಲ್ಲ, ಮೂತ್ರವೂ ಒಂದೆಡೆ ಹರಿದು ಸಿಗುತ್ತದೆ.

ಗುಮ್ಮಟವನ್ನು ನಡುವಿನ ಗೂಟಕ್ಕೆ ಕಟ್ಟಿದ ಅಳತೆಕೋಲು ತಿರುಗಿಸುತ್ತ ಕಟ್ಟುತ್ತಾರೆ. ಈ ಕೆಲಸ ಕಲಿತ ಗೌಂಡಿಯೇ ಬೇಕು. ಮನೆ ಕಟ್ಟುವ ಕೈಗೆ ಇದು ಒಗ್ಗದು. ಒಳಮೈಗೆ ಸಿಮೆಂಟ್ ಒಂದಕ್ಕೆ ಉಸುಕು ಮೂರರ ಗಿಲಾಯಿ (ಪ್ಲಾಸ್ಟರ್), ಅದರ ಮೇಲೆ ಬರೀ ಸಿಮೆಂಟಿನ ತೆಳು ಪದರ, ಒಣಗಿದ ಮೇಲೆ ಕಪ್ಪು ಬಣ್ಣದ ಎರಡು ಕೋಟು. ಕನಿಷ್ಠ 14 ದಿನ ನೀರುಣಿಸಿ. ಏಪ್ರಿಲ್ ಬಿಸಿಲಿನಲ್ಲಿ ಒದ್ದೆ ಗೋಣಿಚೀಲ ಹೊದಿಸಿ ದಿನಕ್ಕೆ ಮೂರು ಸಲ ನೀರು ಹಾಕದಿದ್ದರೆ ಗಿಲಾಯಿ ಬಿರಿಯುವುದು ಖಚಿತ. ಬಳಿಕ ಗುಮ್ಮಟದ ಮೇಲೆ 30 ಸೆಂ.ಮೀ. ಮಣ್ಣು ಬೀಳಬೇಕು. ಒಳಗಿನ ಗ್ಯಾಸ್ ಮೇಲಕ್ಕೆ ಒತ್ತುವಾಗ ಗುಮ್ಮಟವನ್ನು ಹಿಡಿದಿಡುವುದು ಈ ಭಾರವೇ.

ಪರೀಕ್ಷೆ ಬಿಡಬೇಡಿ. ಗ್ಯಾಸ್ ವಾಲ್ವ್ ತೆರೆದಿಟ್ಟು ನೀರು ತುಂಬಿಸಿ. ಇಟ್ಟಿಗೆ ನೀರು ಕುಡಿದು ಮಟ್ಟ ಮೊದಲ ದಿನ ಇಳಿಯುತ್ತದೆ. ಮತ್ತೆ ತುಂಬಿಸಿ ಗುರುತು ಹಾಕಿ. ಮಟ್ಟ ನಿಂತ ಮೇಲೆ ವಾಲ್ವ್ ಮುಚ್ಚಿ ಇನ್ನಷ್ಟು ನೀರು ಹಾಕಿ. ಒಳಗಿನ ಗಾಳಿಯ ಒತ್ತಡವನ್ನು ‘ಯು’ ಆಕಾರದ ಪಾರದರ್ಶಕ ನಳಿಕೆಯಲ್ಲಿ ಓದಿ, ಮರುದಿನ ಅದೇ ಹೊತ್ತಿಗೆ ಮತ್ತೆ ಓದಿ. ಎರಡು-ಮೂರು ಸೆಂ.ಮೀ. ವ್ಯತ್ಯಾಸ ಬಿಸಿಲು-ಚಳಿಯಿಂದ ಬರುತ್ತದೆ. ಅದಕ್ಕಿಂತ ಹೆಚ್ಚು ಇಳಿದರೆ ಗೌಂಡಿಯ ಬಾಕಿ ಹಣ ಕೊಡುವ ಮೊದಲು ಮತ್ತೆ ಗಿಲಾಯಿ ಮಾಡಿಸಿ. ನೀರನ್ನು ಚೆಲ್ಲಬೇಡಿ, ತೆಗೆದಿಟ್ಟುಕೊಂಡು ಹೆಂಡಿ ಕಲಸಲು ಬಳಸಿ.

ಸರ್ಕಾರದ ನೆರವು ಬೇಕಿದ್ದವರು ಗುಂಡಿ ತೋಡುವ ಮೊದಲೇ ತಾಲ್ಲೂಕು ಪಂಚಾಯ್ತಿಯಲ್ಲಿ ವಿಚಾರಿಸಿ ಅರ್ಜಿ ಹಾಕಿ.

ಮೊದಲ ತುಂಬುವಿಕೆ

2 ಘನ ಮೀಟರ್ ಸ್ಥಾವರಕ್ಕೆ ಒಮ್ಮೆಗೇ ಎರಡು ಟನ್ ಹೆಂಡಿ ಬೇಕು. ಅಕ್ಕಪಕ್ಕದ ಮನೆಗಳಿಂದ ಕೇಳಿ ತಂದು, ನೆರಳಲ್ಲಿ ಒದ್ದೆಯಾಗಿಟ್ಟು, ಮೂರ್ನಾಲ್ಕು ದಿನದಲ್ಲಿ ಕಲಸಿ ತುಂಬಿಸಿ. ನಡೆಯುತ್ತಿರುವ ಸ್ಥಾವರದ ಸ್ಲರಿ ಹತ್ತನೇ ಒಂದು ಪಾಲು ಬೆರೆಸಿದರೆ ಬೇಗ ಹತ್ತುತ್ತದೆ. ತುಂಬುವಾಗ ವಾಲ್ವ್ ತೆರೆದಿರಲಿ, ಆಮೇಲೆ ಮುಚ್ಚಿ.

ಮೊದಲು ಬರುವ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು, ಅದು ಉರಿಯುವುದಿಲ್ಲ. ಎರಡು-ಮೂರು ಸಲ ಹೊರಬಿಡಿ. ಬಿಡುವಾಗ ಹತ್ತಿರ ಬೀಡಿ, ದೀಪ ಏನೂ ಇರಬಾರದು, ಏಕೆಂದರೆ ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ಸ್ಫೋಟಿಸುತ್ತದೆ. ಸ್ಥಾವರದ ಪೈಪಿಗೆ ಕಡ್ಡಿ ಗೀರಿ ನೋಡುವುದನ್ನು ಯಾರೂ ಮಾಡಬಾರದು; ಅಡುಗೆಮನೆಯ ಒಲೆಯಲ್ಲೇ ಹಚ್ಚಿ ನೋಡಿ. ಬೇಸಿಗೆಯಾದರೆ ಎರಡು ವಾರದಲ್ಲಿ ನೀಲಿ ಉರಿ ಬರುತ್ತದೆ. ಅಲ್ಲಿಂದ ದಿನಕ್ಕೆ 50 ಕೆ.ಜಿ. ಹಾಕುತ್ತ ಹೋಗಿ.

ಎಲ್‌ಪಿಜಿ ಒಲೆ ಇದಕ್ಕೆ ಆಗದು. ಬಯೋಗ್ಯಾಸಿಗೆ ಒತ್ತಡ ಕಡಿಮೆ, ತೂತು ದೊಡ್ಡದಿರಬೇಕು, ಗಾಳಿ ಕಡಿಮೆ ಸಾಕು. ಜೋಳದ ರೊಟ್ಟಿಯ ಹಂಚು ಅಂಚಿನವರೆಗೆ ಕಾಯಬೇಕಾದ್ದರಿಂದ ಗಂಟೆಗೆ 0.45 ಘನ ಮೀಟರ್ ಉರಿಸುವ ದೊಡ್ಡ ಬರ್ನರ್ ಕೇಳಿ ತನ್ನಿ. ದಿನದ ಗ್ಯಾಸಿನಲ್ಲಿ ಅದು ನಾಲ್ಕು ಗಂಟೆಗೂ ಮೇಲೆ ಉರಿಯುತ್ತದೆ. ಆದರೆ ಗುಮ್ಮಟದಲ್ಲಿ ಮೂರನೇ ಒಂದು ಪಾಲಷ್ಟೇ ನಿಲ್ಲುವುದರಿಂದ ಬೆಳಿಗ್ಗೆ-ಸಂಜೆ ಎರಡೂ ಹೊತ್ತು ಬಳಸಬೇಕು. ಇಲ್ಲದಿದ್ದರೆ ಹೆಚ್ಚಿನದು ಹೊರತೊಟ್ಟಿಯಿಂದ ಗುಳ್ಳೆಯಾಗಿ ಹೋಗುತ್ತದೆ.

ಕೆಡುವುದೆಲ್ಲಿ

ಉರಿ ಕುಣಿದರೆ ಪೈಪಿನಲ್ಲಿ ನೀರು ನಿಂತಿದೆ. ಪೈಪನ್ನು ತಗ್ಗಿನ ಕಡೆಗೆ ಇಳಿಜಾರಾಗಿ ಎಳೆದು, ಅತಿ ತಗ್ಗಿನಲ್ಲಿ ನೀರು ಬಿಡುವ ನಲ್ಲಿ ಇಟ್ಟು ವಾರಕ್ಕೊಮ್ಮೆ ತೆರೆಯಿರಿ. ಗ್ಯಾಸ್ ಕಡಿಮೆಯಾದರೆ ಮೊದಲು ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿ.

ಬೀದರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಉಷ್ಣಾಂಶ 10 ಡಿಗ್ರಿಯ ಕೆಳಗೂ ಇಳಿಯುತ್ತದೆ. ಒಳಗಿನ ಸೂಕ್ಷ್ಮಜೀವಿಗಳಿಗೆ ಹಿತವೆನಿಸುವುದು 30ರಿಂದ 35 ಡಿಗ್ರಿ. ಆ ಎರಡು ತಿಂಗಳು ಬೆಳಿಗ್ಗೆಯ ಬದಲು ಮಧ್ಯಾಹ್ನ, ಬಿಸಿಲಿಗೆ ಕಾದ ನೀರಿನಲ್ಲಿ ಕಲಸಿ ಹಾಕಿ. ಗುಮ್ಮಟದ ಮೇಲೆ ತೊಗರಿ ಹೊಟ್ಟಿನ ದಪ್ಪ ಹಾಸು ಹೊದಿಸಿ.

ಕಣಿಕೆಯ ತುಣುಕು, ಹೊಟ್ಟು ಹೆಂಡಿಯ ಜೊತೆ ಹೋದರೆ ಮೇಲೆ ತೇಲಿ ಗಟ್ಟಿ ಕೆನೆ ಕಟ್ಟುತ್ತದೆ, ಗ್ಯಾಸ್ ಏಳಲು ಬಿಡುವುದಿಲ್ಲ. ಕಲಸುವಾಗಲೇ ಆರಿಸಿ ತೆಗೆಯಿರಿ. ಫಿನಾಯಿಲ್ ನೀರು, ಸೋಪಿನ ನೀರು, ಆಂಟಿಬಯೋಟಿಕ್ ಚುಚ್ಚಿಸಿಕೊಂಡ ದನದ ಹೆಂಡಿ ಒಳಗೆ ಹೋಗಬಾರದು. ಅಡುಗೆಮನೆಯ ಉಳಿಕೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಒಮ್ಮೆಗೇ ಸುರಿದರೆ ಒಳಗೆ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಹಾಗಾದರೆ ಕೆಲವು ದಿನ ಏನೂ ಹಾಕದೆ ಬಿಟ್ಟು, ಮತ್ತೆ ಬರೀ ಹೆಂಡಿಯಿಂದ ಶುರುಮಾಡಿ.

ಹೊರಬರುವ ಸ್ಲರಿಯನ್ನು ಬಿಸಿಲಿಗೆ ಒಣಗಿಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಡು ಗುಂಡಿ ಮಾಡಿ, ತೊಗರಿ ಕಟ್ಟಿಗೆಯ ನೆರಳು ಹಾಕಿ, ಹೊಟ್ಟು-ಕಸದ ಪದರದ ಮೇಲೆ ಸ್ಲರಿ ಬಿಡಿ. ಒಂದು ತುಂಬಿ ಕಳಿಯುವಾಗ ಇನ್ನೊಂದು ತುಂಬುತ್ತದೆ. ಮಳೆಗೆ ಮುಂಚೆ ತೊಗರಿ, ಹತ್ತಿ ಹೊಲಕ್ಕೆ ಹಾಕಿ ಅಂದೇ ಮಣ್ಣಿಗೆ ಸೇರಿಸಬೇಕು.

ವರ್ಷಗಳ ಬಳಿಕ ತಳದಲ್ಲಿ ಮಣ್ಣು ಕೂತು ಗುಂಡಿ ಖಾಲಿ ಮಾಡಬೇಕಾದಾಗ ಯಾರನ್ನೂ ಒಳಗೆ ಇಳಿಸಬೇಡಿ. ಸ್ಲರಿ ತೆಗೆದ ಮೇಲೂ ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಮೂಗಿನ ಸಂವೇದನೆಯನ್ನೇ ಅಳಿಸುವುದರಿಂದ ಅಪಾಯ ವಾಸನೆಗೂ ತಿಳಿಯುವುದಿಲ್ಲ. ಒಬ್ಬ ಬಿದ್ದರೆ ಎತ್ತಲು ಇಳಿದವನೂ ಬೀಳುತ್ತಾನೆ. ಪಂಪಿನಿಂದ, ಉದ್ದ ಹಿಡಿಕೆಯ ಸಲಿಕೆಯಿಂದ ಹೊರಗೇ ನಿಂತು ತೆಗೆಸಿ. ಕೆಲಸ ಮುಗಿಯುವವರೆಗೆ ಮಕ್ಕಳನ್ನು, ಕರುಗಳನ್ನು ಆ ಕಡೆ ಬಿಡಬೇಡಿ. ಹೊರತೊಟ್ಟಿಯ ಪರಸಿ ಮುಚ್ಚಳವನ್ನು ಅಂದೇ ಸಂಜೆ ಮತ್ತೆ ಕೂರಿಸಿ.