ಹಳೆ ಎಪಿಸೋಡು, ಹೊಸ ಮಕ್ಕಳು: ನಮ್ಮ ಗೊಂಬೆ ಕಂಪನಿ ಬೆಳೆದದ್ದು ಹೀಗೆ

ಮೊನ್ನೆ ಬೆಂಗಳೂರಿನಲ್ಲಿ ಹಳೆಯ ಪರಿಚಯದ ನಿರ್ಮಾಪಕರೊಬ್ಬರು ಸಿಕ್ಕಿದ್ದರು. 2013ರಲ್ಲಿ ಇವರೇ ನನಗೆ, "ಗೊಂಬೆ ಇಟ್ಕೊಂಡು ಕಂಪನಿ ನಡೆಸೋಕಾಗಲ್ಲಮ್ಮ, ಸುಮ್ನೆ ಧಾರಾವಾಹಿ ಮಾಡು" ಅಂದಿದ್ದರು. ಈ ಸಲ ಕೇಳಿದ್ದೇ ಬೇರೆ. "ನಿಮ್ಮ ಹಳೇ ಎಪಿಸೋಡಿಗೆ ಈಗಲೂ ದುಡ್ಡು ಬರುತ್ತಂತಲ್ಲ, ಹೇಗಮ್ಮ?" ಅವರಿಗೆ ಕಾಫಿ ಕುಡಿಯುತ್ತಾ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನಿಂದ. ಸಾವಿರ, ಎರಡು ಸಾವಿರ ಆಚೀಚೆ ಇರಬಹುದು.

ನಾನು ಶುರು ಮಾಡಿದ್ದು ಗೊಂಬೆಯಿಂದ ಅಲ್ಲ. 2009ರಲ್ಲಿ ಚಿಂಟು ಟಿವಿ ಬಂದಾಗ ಮಕ್ಕಳಿಗೆ ಕನ್ನಡದಲ್ಲೇ ಒಂದು ವಾಹಿನಿ ಅಂತ ನಮಗೆಲ್ಲ ಎಷ್ಟು ಹುರುಪು! ನಾನು ಆಗ ಧಾರಾವಾಹಿಗಳಲ್ಲಿ ಸಹನಿರ್ದೇಶಕಿ. ಕೆಲಸ ಬಿಟ್ಟು ಮೈಸೂರಿಗೆ ವಾಪಸ್ ಬಂದೆ. ರಂಗಾಯಣದ ಚಿಣ್ಣರ ಮೇಳದಲ್ಲಿ ಮಕ್ಕಳ ಜೊತೆ ಕೆಲಸ ಮಾಡಿದ್ದ ಮೂವರು ಗೆಳೆಯರನ್ನು ಸೇರಿಸಿಕೊಂಡೆ. 2010ರಲ್ಲಿ ಒಂದು ವಾಹಿನಿಗೆ (ಹೆಸರು ಬೇಡ) ಮಕ್ಕಳೇ ಆಡುವ, ಮಕ್ಕಳೇ ನಡೆಸುವ ಅರ್ಧ ಗಂಟೆಯ ಕಾರ್ಯಕ್ರಮ ಸಿಕ್ಕಿತು. 52 ಎಪಿಸೋಡು, ಒಂದಕ್ಕೆ 85,000.

ಕೈಯಿಂದ ಹೋದದ್ದು ಒಂದಕ್ಕೆ 92,000ದಿಂದ 95,000. ಮಕ್ಕಳ ಜೊತೆ ಅಪ್ಪ ಅಮ್ಮ ಬರುತ್ತಾರೆ, ಅವರಿಗೂ ಊಟ, ಓಡಾಟದ ಖರ್ಚು. ಪರೀಕ್ಷೆ ಬಂದರೆ ಒಂದು ತಿಂಗಳು ಶೂಟಿಂಗ್ ಇಲ್ಲ. ಮುಖ್ಯ ಪಾತ್ರದ ಹುಡುಗನಿಗೆ ಮುಂದಿನ ಎರಡು ಹಲ್ಲು ಬಿದ್ದವು, ಹಿಂದಿನ ವಾರದ ದೃಶ್ಯಕ್ಕೆ ಈ ವಾರದ ಮುಖ ಹೊಂದಲೇ ಇಲ್ಲ. ಇನ್ನೊಬ್ಬಳು ಒಂದೇ ವರ್ಷದಲ್ಲಿ ನಾಲ್ಕು ಇಂಚು ಉದ್ದವಾದಳು. ಮಕ್ಕಳು ಬೆಳೆಯುತ್ತಾರೆ ಅಲ್ವಾ. ಅದು ಅವರ ತಪ್ಪಲ್ಲ, ನಮ್ಮ ಯೋಜನೆಯದು. ಕೊನೆಗೆ ನಾಲ್ಕೂವರೆ ಲಕ್ಷ ನಷ್ಟ. ಕೊನೆಯ ಬಿಲ್ಲಿನ ಹಣ ಬಂದದ್ದು ಏಳು ತಿಂಗಳ ಮೇಲೆ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಎರಡು ವರ್ಷ ಬಿಟ್ಟು ಅದೇ ಎಪಿಸೋಡುಗಳನ್ನು ಆ ವಾಹಿನಿ ಬೆಳಿಗ್ಗೆ ಹೊತ್ತು ಮತ್ತೆ ಹಾಕತೊಡಗಿತು. ನಮಗೆ ಒಂದು ಪೈಸೆ ಇಲ್ಲ. ಕೇಳಲು ಹೋದರೆ ಒಪ್ಪಂದದ ಕಾಗದ ತೋರಿಸಿದರು. ವಕೀಲರ ಹತ್ತಿರ ಹೋದೆ. ಅವರು ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಓದಿಸಿದರು. ದುಡ್ಡು ಕೊಟ್ಟು ಮಾಡಿಸಿಕೊಂಡವರೇ ಚಿತ್ರದ ಮೊದಲ ಮಾಲೀಕರು, ಬೇರೆ ಒಪ್ಪಂದ ಇಲ್ಲದಿದ್ದರೆ. ಆ ಸಂಜೆ ಮನೆಗೆ ಬಂದು ಟಿವಿ ಹಾಕಿದೆ. ಪಕ್ಕದ ಮನೆಯ ಮೂರು ವರ್ಷದ ಮಗು ಬಂದು ಕೂತು ನಮ್ಮ ಕಾರ್ಯಕ್ರಮವನ್ನು ಬಾಯಿ ಬಿಟ್ಟುಕೊಂಡು ನೋಡಿತು. ಅದಕ್ಕೆ ಅದು ಹೊಸದು. ನಾವು ಶೂಟಿಂಗ್ ಮಾಡುವಾಗ ಆ ಮಗು ಇನ್ನೂ ಕೈಗೂಸು.

ನನ್ನ ವ್ಯಾಪಾರದ ಬುದ್ಧಿಯೆಲ್ಲ ಆ ಒಂದು ಸಂಜೆಯದು. ಧಾರಾವಾಹಿ ನೋಡುವವರು ಅದೇ ಜನ, ಅವರಿಗೆ ದಿನಾ ಹೊಸದು ಬೇಕು. ಮಕ್ಕಳ ಕಾರ್ಯಕ್ರಮ ನೋಡುವವರು ನಾಲ್ಕೈದು ವರ್ಷಕ್ಕೊಮ್ಮೆ ಪೂರ್ತಿ ಬದಲಾಗುತ್ತಾರೆ. ಹಾಗಾಗಿ ಎಪಿಸೋಡು ಹಳತಾಗುವುದಿಲ್ಲ. ಹಳತಾಗದ ವಸ್ತುವನ್ನು ಮಾರಬಾರದು, ಬಾಡಿಗೆಗೆ ಕೊಡಬೇಕು.

ಆದರೆ ಏನನ್ನು ಬಾಡಿಗೆಗೆ ಕೊಡುವುದು? ಮೊದಲು ಕಾರ್ಟೂನ್ ಕಡೆ ಹೋದೆ. ಆಗ ಎಲ್ಲರ ಕಣ್ಣ ಮುಂದೆ ಇದ್ದದ್ದು ಹೈದರಾಬಾದಿನ ಗ್ರೀನ್ ಗೋಲ್ಡ್. ರಾಜೀವ್ ಚಿಲಕ 2001ರಲ್ಲಿ ಶುರು ಮಾಡಿದ ಕಂಪನಿ, 2008ರಲ್ಲಿ ಪೋಗೋ ವಾಹಿನಿಯಲ್ಲಿ ಅವರ ಛೋಟಾ ಭೀಮ್ ಬಂತು. ಆಮೇಲೆ ಶಾಲೆ ಚೀಲ, ನೀರಿನ ಬಾಟಲಿ, ಸ್ವಂತ ಅಂಗಡಿ. ಪಾತ್ರ ಕೈಯಲ್ಲಿದ್ದರೆ ಕಂಪನಿ ಎಷ್ಟು ಬೆಳೆಯಬಹುದು ಅಂತ ಅವರು ತೋರಿಸಿದ್ದರು. ನಾನೂ ಹೊರಟೆ. ಬೆಂಗಳೂರಿನ ಸ್ಟುಡಿಯೋ ಒಂದು ನಿಮಿಷಕ್ಕೆ ಸುಮಾರು 40,000 ಹೇಳಿತು. ಒಡವೆ ಅಡ ಇಟ್ಟು 11 ನಿಮಿಷದ ಪೈಲಟ್ (ಮಾದರಿ ಎಪಿಸೋಡು) ಮಾಡಿಸಿದೆ, ನಾಲ್ಕೂವರೆ ಲಕ್ಷ. ತೋರಿಸಿದ ಕಡೆಯೆಲ್ಲ ಚೆನ್ನಾಗಿದೆ ಅಂದರು, 26 ಎಪಿಸೋಡು ರೆಡಿ ಇದೆಯಾ ಅಂದರು. 26ಕ್ಕೆ ಒಂದು ಕೋಟಿಗೂ ಜಾಸ್ತಿ ಬೇಕು. ಆ ಪೈಲಟ್ ಈಗಲೂ ಡಿಸ್ಕಿನಲ್ಲಿ ಹಾಗೇ ಇದೆ.

ಗೊಂಬೆಗೆ ಬಂದದ್ದು ಹೀಗೆ. ಹಲ್ಲು ಬೀಳುವುದಿಲ್ಲ, ಉದ್ದ ಆಗುವುದಿಲ್ಲ, ಪರೀಕ್ಷೆ ಇಲ್ಲ. ನಿಮಿಷಕ್ಕೆ 40,000 ಕೊಡಬೇಕಾಗಿಯೂ ಇಲ್ಲ. 2013ರಲ್ಲಿ ಸರಸ್ವತಿಪುರಂನ ಒಂದು ಕಾರ್ ಶೆಡ್ಡಿನಲ್ಲಿ ಗಿಳಿ, ಆಮೆ, ಕೋತಿ ಮಾಡಿಕೊಂಡು ಕೂತೆವು. ಫೋಮು, ಫ್ಲೀಸ್ ಬಟ್ಟೆ, ಫೆವಿಕಾಲ್ ಎಸ್‌ಆರ್. ಒಂದು ಗೊಂಬೆಗೆ ಸಾಮಾನು 3,000 ದಾಟಲಿಲ್ಲ, ಕೂಲಿ ನಮ್ಮದೇ.

ಮೊದಲ ದಿನವೇ ಹಸಿರು ಬಟ್ಟೆ ಕಟ್ಟಿ ಹಸಿರು ಗಿಳಿಯನ್ನು ಶೂಟ್ ಮಾಡಿದೆವು. ಕ್ರೋಮಾ ಅಂದರೆ ಹಿನ್ನೆಲೆಯ ಬಣ್ಣವನ್ನು ಕಂಪ್ಯೂಟರಿನಲ್ಲಿ ಅಳಿಸುವುದು. ಅಳಿಸಿದರೆ ಕೊಕ್ಕು, ಕಣ್ಣು ಮಾತ್ರ ಉಳಿಯಿತು. ನೀಲಿ ಬಟ್ಟೆ ತಂದೆವು, ಆಮೆಯ ಚಿಪ್ಪಿನ ನೀಲಿ ಪಟ್ಟೆ ಹೋಯಿತು. ಎರಡು ವಾರ ಹಾಳು. ಕೊನೆಗೆ ಕ್ರೋಮಾವನ್ನೇ ಬಿಟ್ಟು ಸೊಂಟದೆತ್ತರದ ಸೆಟ್ ಹಾಕಿದೆವು. ಪ್ಲೈವುಡ್, ನಿಜವಾದ ಮಣ್ಣು, ನಿಜವಾದ ಗಿಡ. ಚಿತ್ರ ಎಷ್ಟೋ ಚೆನ್ನಾಗಿ ಬಂತು. ಎಡಿಟಿಂಗ್‌ನಲ್ಲಿ ಎಪಿಸೋಡಿಗೆ ಎರಡು ದಿನ ಉಳಿಯಿತು.

ಬಾಯಿ ಆಡಿಸುವುದನ್ನು ಕಲಿಯಲು ಮೂರು ತಿಂಗಳು ಹಿಡಿಯಿತು. ಹೊಸಬರೆಲ್ಲ ಮೇಲಿನ ಬೆರಳು ಎತ್ತುತ್ತಾರೆ, ಗೊಂಬೆ ಆಕಾಶ ನೋಡಿಕೊಂಡು ಮಾತಾಡಿದ ಹಾಗೆ ಕಾಣುತ್ತದೆ. ಆಡಬೇಕಾದ್ದು ಹೆಬ್ಬೆಟ್ಟು, ಅಂದರೆ ಕೆಳದವಡೆ. ಸ್ವರ ಬಂದಾಗ ಬಾಯಿ ತೆರೆಯಬೇಕು. ಕನ್ನಡದಲ್ಲಿ ಮಾತು ಬಹುಪಾಲು ಸ್ವರದಲ್ಲೇ ಮುಗಿಯುತ್ತದೆ, ಆದ್ದರಿಂದ ಕೊನೆಯಲ್ಲಿ ಒಂದು ಚಿಕ್ಕ ತೆರಪು ಇರಲೇಬೇಕು. ಅದನ್ನು ಕತ್ತರಿಸಿದರೆ ಮಾತು ನುಂಗಿದ ಹಾಗಾಗುತ್ತದೆ. ನಮ್ಮ ಹುಡುಗರು ಕನ್ನಡಿ ಮುಂದೆ ನಿಂತು ಬೆಳಗಿನ ವಾರ್ತೆಯನ್ನು ಪೂರ್ತಿ ಗೊಂಬೆಯಲ್ಲಿ ಓದುತ್ತಿದ್ದರು. ಬಾಯಿಯೊಳಗೆ ಹಾಕುವ ತೆಳು ಹಲಗೆ ಯಾವುದರದು, ನಾಲ್ಕು ಗಂಟೆ ಆಡಿಸಿದರೂ ಕೈ ಯಾಕೆ ಸೋಲುವುದಿಲ್ಲ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾವು ಒಂದು ವರ್ಷ ಕೊಟ್ಟಿದ್ದೇವೆ.

ಮೊದಲ 13 ಎಪಿಸೋಡು, ಹತ್ತು ನಿಮಿಷದವು. ಒಂದಕ್ಕೆ 60,000ದಿಂದ 65,000, ಒಟ್ಟು ಎಂಟು ಲಕ್ಷದ ಹತ್ತಿರ. ಮುಕ್ಕಾಲು ಸಾಲ. ಒಂದು ವಾಹಿನಿಗೆ ತೆಗೆದುಕೊಂಡು ಹೋದಾಗ ಎರಡು ದರ ಬಂತು. ಎಲ್ಲ ಹಕ್ಕೂ ಬರೆದುಕೊಟ್ಟರೆ ಎಪಿಸೋಡಿಗೆ 80,000. ಕನ್ನಡ ಮಾತ್ರ, ಮೂರು ವರ್ಷ ಮಾತ್ರ ಅಂದರೆ 35,000. ನಾನು 35,000 ಆರಿಸಿಕೊಂಡೆ. ಮನೆಯಲ್ಲಿ ಮೂರು ದಿನ ಮಾತಿಲ್ಲ. ಲೆಕ್ಕ ನೋಡುತ್ತಿದ್ದ ಭಾವ, "ಹತ್ತು ಲಕ್ಷ ಬಿಟ್ಟು ನಾಲ್ಕೂವರೆ ಲಕ್ಷ ತಗೊಂಡು ಬಂದಿದೀಯಲ್ಲ" ಅಂತ ಫೈಲ್ ಎತ್ತಿಟ್ಟರು. ಅವರ ಸಿಟ್ಟಿಗೆ ಕಾರಣ ಇತ್ತು, ಸಾಲಕ್ಕೆ ಸಹಿ ಹಾಕಿದವರು ಅವರೇ. ಮುಂದಿನ ಎರಡು ವರ್ಷ ಮದುವೆ ವಿಡಿಯೊ, ಕಾಲೇಜಿನ ಜಾಹೀರಾತು ಮಾಡಿಕೊಂಡು ಬಡ್ಡಿ ಕಟ್ಟಿದೆವು. ಆ ಹಣದಲ್ಲೇ ಉಳಿಸಿ ಉಳಿಸಿ 39 ಎಪಿಸೋಡಿಗೆ ತಂದೆವು.

ಪಟ್ಟಿ ಮಾಡಿ ಹೇಳುವ ಬದಲು ಆ ಮೊದಲ 13ರ ಕಥೆಯನ್ನೇ ಹೇಳುತ್ತೇನೆ. 2014ರ ಏಪ್ರಿಲ್‌ನಲ್ಲಿ ಪ್ರಸಾರ ಶುರು. 2016ರಲ್ಲಿ ತೆಲುಗಿಗೆ ಕೇಳಿದರು, ಎಪಿಸೋಡಿಗೆ 40,000. ಖುಷಿಯಿಂದ ಒಪ್ಪಿದೆ. ಎಂ ಅಂಡ್ ಇ ಟ್ರ್ಯಾಕ್ ಕಳಿಸಿ ಅಂದರು, ಅಂದರೆ ಮಾತಿಲ್ಲದೆ ಸಂಗೀತ, ಸದ್ದು ಮಾತ್ರ ಇರುವ ಟ್ರ್ಯಾಕ್. ಇರಲಿಲ್ಲ! ಮಾತು, ಹಾಡು, ಸದ್ದು ಎಲ್ಲ ಒಂದೇ ಮಿಕ್ಸ್‌ನಲ್ಲಿ ಸೇರಿಸಿ ಪ್ರಾಜೆಕ್ಟ್ ಅಳಿಸಿಬಿಟ್ಟಿದ್ದೆವು. ಅಕ್ಷರ ಕಲಿಸುವ ಕಡೆ ಕನ್ನಡದ ಬರಹ ಚಿತ್ರದ ಮೇಲೇ ಕೂತಿತ್ತು, ಬರಹ ಇಲ್ಲದ ಮೂಲಪ್ರತಿ ಕೂಡ ಇಲ್ಲ. ಹೆಜ್ಜೆ ಸದ್ದು, ರೆಕ್ಕೆ ಸದ್ದು, ಹಿನ್ನೆಲೆ ಸಂಗೀತ ಎಲ್ಲ ಹೊಸದಾಗಿ ಮಾಡಬೇಕಾಯಿತು. ಎಪಿಸೋಡಿಗೆ ಒಂಬತ್ತು ಹತ್ತು ಸಾವಿರ, ಡಬ್ಬಿಂಗ್‌ಗೆ ಇನ್ನೊಂದು ಹನ್ನೆರಡು ಸಾವಿರ. ಅಂದರೆ ಅರ್ಧ ಹೋಯಿತು. ನೀವು ಇದರಿಂದ ಒಂದೇ ಒಂದು ವಿಷಯ ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಳ್ಳಿ: ಮಾತಿಲ್ಲದ ಟ್ರ್ಯಾಕ್, ಬರಹವಿಲ್ಲದ ಚಿತ್ರ, ಎರಡನ್ನೂ ಮೊದಲ ದಿನದಿಂದ ಬೇರೆ ಇಡಿ. ಎರಡು ಡಿಸ್ಕಿನಲ್ಲಿ, ಎರಡು ಮನೆಯಲ್ಲಿ.

ತೆಲುಗಿನಲ್ಲಿ ನಮಗೇ ಗೊತ್ತಿರದ ಒಂದು ಲಾಭ ಸಿಕ್ಕಿತು. ಅಲ್ಲೂ ಮಾತು ಸ್ವರದಲ್ಲಿ ಮುಗಿಯುತ್ತದೆ, ಗೊಂಬೆಯ ಬಾಯಿಗೆ ತಾನಾಗಿಯೇ ಕೂತಿತು. ಹಿಂದಿಯಲ್ಲಿ ಎರಡು ಎಪಿಸೋಡು ಪ್ರಯೋಗ ಮಾಡಿದೆವು. 'ಘರ್', 'ಕಾಮ್' ಅಂತ ಮಾತು ಮುಗಿದ ಮೇಲೂ ಗಿಳಿಯ ಬಾಯಿ ತೆರೆದೇ ಇತ್ತು. ಮಾತಿನ ಕೊನೆಗೆ 'ನಾ', 'ರೇ' ಸೇರಿಸಿ, ಕೆಲವು ಕಡೆ ಮೂರು ಫ್ರೇಮ್ ಕತ್ತರಿಸಿ ಸರಿ ಮಾಡಿದೆವು. ಆದರೂ ಕಾರ್ಟೂನಿಗಿಂತ ಇದು ಸುಲಭ. ಗೊಂಬೆಗೆ ತುಟಿ ಇಲ್ಲವಲ್ಲ, ಮಕ್ಕಳು ಕ್ಷಮಿಸುತ್ತಾರೆ.

2017ರಲ್ಲಿ ಕನ್ನಡದ ಮೂರು ವರ್ಷ ಮುಗಿಯಿತು. ಅದೇ ವಾಹಿನಿ ಮತ್ತೆ ಮೂರು ವರ್ಷಕ್ಕೆ 28,000 ಕೊಟ್ಟಿತು. ನಾವು ಕ್ಯಾಮೆರಾ ಮುಟ್ಟಿರಲಿಲ್ಲ, ಒಂದು ಲೈಟ್ ಹಚ್ಚಿರಲಿಲ್ಲ. ಆ ಚೆಕ್ ಭಾವನ ಕೈಗೇ ಕೊಟ್ಟೆ. ಅವರು ಏನೂ ಹೇಳಲಿಲ್ಲ, ಮರುದಿನದಿಂದ ಮತ್ತೆ ಲೆಕ್ಕಕ್ಕೆ ಕೂತರು. ಆಮೇಲೆ ತಮಿಳು, 38,000. 2020ರ ಏಪ್ರಿಲ್‌ನಲ್ಲಿ ಮತ್ತೆ ಕನ್ನಡ. ಲಾಕ್‌ಡೌನ್ ಅಂತ ಎಲ್ಲ ಕಡೆ ಶೂಟಿಂಗ್ ನಿಂತಿತ್ತು, ಮಕ್ಕಳು ಮನೆಯಲ್ಲಿದ್ದರು, ವಾಹಿನಿಗಳಿಗೆ ಎಪಿಸೋಡು ಬೇಕಿತ್ತು. ನಮ್ಮ ಹತ್ತಿರ ಆಗ 104 ಇದ್ದವು. ಎರಡರಷ್ಟು ಕೇಳಬಹುದಿತ್ತು. 32,000ಕ್ಕೆ ನಿಲ್ಲಿಸಿದೆ, ಅವರು ಆರು ವರ್ಷದಿಂದ ನಮ್ಮ ಜೊತೆ ಇದ್ದವರು. ಈ ಐದನ್ನೂ ಕೂಡಿಸಿದರೆ ಒಂದು ಎಪಿಸೋಡಿಗೆ 1,70,000 ದಾಟಿತು. 80,000ಕ್ಕೆ ಬರೆದುಕೊಟ್ಟಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಆನ್‌ಲೈನ್‌ನಿಂದ ಇಷ್ಟು ಬರಲಿಲ್ಲ. ಅಮೆರಿಕದ ಮಕ್ಕಳ ಖಾಸಗಿತನದ ಕಾನೂನಿನ ಕಾರಣ 2020ರ ಜನವರಿಯಿಂದ ಯೂಟ್ಯೂಬ್‌ನಲ್ಲಿ ಮಕ್ಕಳ ವಿಡಿಯೊಗಳಿಗೆ ನೋಡುವವರ ಜಾಡು ಹಿಡಿದು ಹಾಕುವ ಜಾಹೀರಾತು ನಿಂತಿತು. ನಮಗೆ ತಿಂಗಳಿಗೆ 38,000 ಬರುತ್ತಿದ್ದದ್ದು 15,000ಕ್ಕೆ ಇಳಿಯಿತು. ನಿಯಮ ಸರಿಯಾದದ್ದೇ, ನಾಲ್ಕು ವರ್ಷದ ಮಗುವನ್ನು ಯಾರೂ ಹಿಂಬಾಲಿಸಬಾರದು. ಆದರೆ ಅದೊಂದನ್ನೇ ನಂಬಿ ಕಂಪನಿ ಬೆಳೆಸಲು ಆಗುವುದಿಲ್ಲ.

ಎಪಿಸೋಡನ್ನು ಅಂಗನವಾಡಿಯಲ್ಲಿ ತೋರಿಸಿಯೇ ಮುಗಿಸುತ್ತೇವೆ. 1969ರಲ್ಲಿ ಅಮೆರಿಕದಲ್ಲಿ ಸೆಸಮಿ ಸ್ಟ್ರೀಟ್ ಅನ್ನುವ ಮಕ್ಕಳ ಗೊಂಬೆ ಕಾರ್ಯಕ್ರಮ ಮಾಡಿದವರು ಟಿವಿ ಪಕ್ಕದಲ್ಲಿ ಏಳೆಂಟು ಸೆಕೆಂಡಿಗೊಮ್ಮೆ ಬದಲಾಗುವ ಸ್ಲೈಡ್ ಇಟ್ಟು, ಮಗು ಯಾವಾಗ ಆ ಕಡೆ ತಿರುಗುತ್ತದೆ ಅಂತ ಬರೆದುಕೊಳ್ಳುತ್ತಿದ್ದರು. ನಾವು ಸ್ಲೈಡಿನ ಬದಲು ಮೂಲೆಯಲ್ಲಿ ಒಂದು ಬುಟ್ಟಿ ಮರದ ಆಟಿಕೆ ಇಡುತ್ತೇವೆ. ನಾನು ಪರದೆ ನೋಡುವುದೇ ಇಲ್ಲ, ಮಕ್ಕಳನ್ನು ನೋಡುತ್ತೇನೆ. ಒಂದೇ ಕಡೆ ಮೂರು ಮಕ್ಕಳು ಬುಟ್ಟಿಗೆ ಹೋದರೆ ಆ ದೃಶ್ಯ ಕತ್ತರಿ. ನಮ್ಮ ಬರಹಗಾರರಿಗೆ ತುಂಬ ಇಷ್ಟವಾದ ಸಂಭಾಷಣೆಗಳೇ ಹೆಚ್ಚು ಹೋಗಿವೆ. ಬುಟ್ಟಿಯ ಲೆಕ್ಕ ಪುಸ್ತಕ ತೋರಿಸಿಯೇ ಎರಡು ಕಡೆ ಮಾರಾಟ ಆಗಿದೆ.

ನಡುವೆ ಬೇರೆ ಹುಚ್ಚುಗಳೂ ಇದ್ದವು. ತೊಗಲುಗೊಂಬೆಯಲ್ಲಿ ಒಂದು ಸರಣಿ ಮಾಡಲು ಹೊರಟೆ. ದೀಪದ ಬದಲು ಅಗ್ಗದ ಎಲ್‌ಇಡಿ ಇಟ್ಟೆವು, ಚಿತ್ರದಲ್ಲಿ ಪಟ್ಟಿ ಪಟ್ಟಿ ಮಿನುಗು. ಕ್ಯಾಮೆರಾದ ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ತಂದ ಮೇಲೆ ಮಿನುಗು ಹೋಯಿತು. ಹ್ಯಾಲೋಜನ್ ಹಾಕಿ ನೋಡಿದಾಗ ಬಿಸಿಗೆ ತೊಗಲೇ ಮುದುರಿಕೊಂಡಿತು. ಆರು ಎಪಿಸೋಡು ಮುಗಿಸಿದ್ದೇವೆ, ನನಗೆ ಅವು ಎಲ್ಲಕ್ಕಿಂತ ಪ್ರೀತಿ, ಇನ್ನೂ ಯಾರೂ ಕೊಂಡಿಲ್ಲ. ಚನ್ನಪಟ್ಟಣದ ಗೊಂಬೆ ಇಟ್ಟು ಸ್ಟಾಪ್ ಮೋಷನ್ ಮಾಡಿದೆವು, ಗೊಂಬೆಯನ್ನು ಚೂರು ಚೂರೇ ಸರಿಸಿ ಒಂದೊಂದೇ ಚಿತ್ರ ತೆಗೆಯುವುದು. ಸೆಕೆಂಡಿಗೆ 12 ಚಿತ್ರ ತೆಗೆದರೂ ದಿನಕ್ಕೆ 20 ಸೆಕೆಂಡು ದಾಟಲಿಲ್ಲ. ಅರಗಿನ ಹೊಳಪಿನಲ್ಲಿ ಲೈಟೆಲ್ಲ ಕಾಣುತ್ತಿತ್ತು. ಮಂಗಳೂರಿನ ಕಡೆ ತುಳುವಿನಲ್ಲಿ 13 ಎಪಿಸೋಡು ಕೊಟ್ಟೆವು. ಡಬ್ಬಿಂಗ್ ಖರ್ಚು ಮಾತ್ರ ಹುಟ್ಟಿತು, ಆದರೂ ಮತ್ತೆ ಕೊಡುತ್ತೇನೆ.

ಈಗ ನಾವು 23 ಜನ, 180 ಎಪಿಸೋಡು. ಹಾಡಿಗೆ, ಧ್ವನಿಗೆ ಮಕ್ಕಳೇ ಬರುತ್ತಾರೆ. 2017ರ ಬಾಲಕಾರ್ಮಿಕ ನಿಯಮದ ಪ್ರಕಾರ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಇಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ, ಸಂಭಾವನೆಯಲ್ಲಿ ಶೇ 20 ಮಗುವಿನ ಹೆಸರಿನ ಠೇವಣಿಗೆ. ನಾವು ಎರಡು ಗಂಟೆಗೇ ನಿಲ್ಲಿಸಿ ತಿಂಡಿ ಕೊಡುತ್ತೇವೆ, ಆಮೇಲಿನ ಧ್ವನಿಯಲ್ಲಿ ಜೀವ ಇರುವುದಿಲ್ಲ. ಹಣದ ತೊಂದರೆ ಈಗಲೂ ಇದೆ. ಬಿಲ್ ಕೊಟ್ಟ ಮರುತಿಂಗಳೇ ಶೇ 18 ಜಿಎಸ್‌ಟಿ ಕೈಯಿಂದ ಕಟ್ಟಬೇಕು, ದುಡ್ಡು ಯಾವಾಗಲೋ ಬರುತ್ತದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ ಬಿಲ್ಲಿನ ಮೇಲೆ ಅದರ ನಂಬರ್ ಹಾಕಿ. 45 ದಿನದೊಳಗೆ ಕೊಡದಿದ್ದರೆ ಕೊಳ್ಳುವವರಿಗೆ ಆ ವರ್ಷದ ಆದಾಯ ತೆರಿಗೆಯಲ್ಲಿ ಆ ಖರ್ಚು ತೋರಿಸಲು ತೊಡಕಾಗುತ್ತದೆ. ಇದು ಬಂದ ಮೇಲೆ ಮಾರ್ಚ್‌ನಲ್ಲಿ ಫೋನ್ ಅವರ ಕಡೆಯಿಂದಲೇ ಬರುತ್ತದೆ.

ಫೋಮು ನಾಲ್ಕೈದು ವರ್ಷಕ್ಕೆ ಪುಡಿಯಾಗುತ್ತದೆ. ಈಗಿನ ಗಿಳಿ ನಾಲ್ಕನೆಯದು, 2013ರ ಕಾಗದದ ಪ್ಯಾಟರ್ನ್‌ನಿಂದಲೇ ಕತ್ತರಿಸಿದ್ದು. ಆ ಪ್ಯಾಟರ್ನ್ ಬ್ಯಾಂಕ್ ಲಾಕರಿನಲ್ಲಿದೆ.

ಕಳೆದ ವಾರ ಮರಾಠಿಗೆ ಒಪ್ಪಂದ ಬಂದಿದೆ. ಅವಧಿ, ಪ್ರದೇಶ ಎರಡನ್ನೂ ನಾನೇ ತುಂಬುತ್ತೇನೆ. ಬರೆಯದೆ ಬಿಟ್ಟರೂ ಕಾಯ್ದೆಯ 19ನೇ ಕಲಂ ಪ್ರಕಾರ 5 ವರ್ಷ, ಭಾರತ ಮಾತ್ರ. ಆದರೆ ಇದರ ಏಳನೇ ಷರತ್ತಿನಲ್ಲಿ 'ಶಾಶ್ವತವಾಗಿ' ಅಂತ ಒಂದು ಪದ ಸೇರಿಸಿದ್ದರು. ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ '3 ವರ್ಷ' ಬರೆದು, ಸಹಿ ಹಾಕದೆ ವಾಪಸ್ ಕಳಿಸಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇವೆ.